ಗುರುವಾರ ಎರಡು ಗಂಟೆಯ ಲಾರಿ

ನಗರ ಸ್ವಚ್ಛತಾ ವಿಭಾಗದ ಮಾನ್ಯ ಆಯುಕ್ತರೇ,

ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಲಾರಿ ಚಾಲಕನನ್ನು ಹೊಡೆದು ಕೊಲ್ಲಲಾಗುವುದು. ಕೊಲ್ಲುವವನು ನನ್ನ ಸ್ವಂತ ತಮ್ಮ. ಇದು ಬೆದರಿಕೆಯಲ್ಲ, ಮಾಹಿತಿ. ಅಕ್ರಮ ಕಂಡುಬಂದರೆ ನಾಗರಿಕರು ಕೂಡಲೇ ಮಾಹಿತಿ ನೀಡಿ ಸಹಕರಿಸಬೇಕೆಂದು ನಿಮ್ಮ ಇಲಾಖೆಯೇ ಕೋರಿದೆ. ಆ ವಾಕ್ಯವನ್ನು ನಾನೇ ಕೈಯಾರೆ ಮೂರು ಅಂಗುಲದ ಅಕ್ಷರದಲ್ಲಿ ಬರೆದಿದ್ದೇನೆ, ಹಾಗಾಗಿ ಮರೆಯುವಂತಿಲ್ಲ. ಈವರೆಗೆ ನಾನು ಕೊಟ್ಟ ಐದು ದೂರುಗಳೂ ಆಗಿಹೋದ ಸಂಗತಿಯ ಬಗ್ಗೆ ಇದ್ದವು. ಸ್ಥಳಕ್ಕೆ ಭೇಟಿ ನೀಡುವಷ್ಟರಲ್ಲಿ ವಾಹನ ಹೊರಟುಹೋಗಿತ್ತು ಎಂದು ಅವುಗಳಲ್ಲಿ ಮೂರಕ್ಕೆ ಒಂದೇ ಉತ್ತರ ಬಂತು. ಈ ಸಲ ನಿಮಗೆ ಆರು ದಿನ ಕಾಲಾವಕಾಶ ಕೊಡುತ್ತಿದ್ದೇನೆ. ಆರು ದಿನದಲ್ಲಿ ನಿಮ್ಮ ಕಚೇರಿಯಿಂದ ನಮ್ಮ ಬೀದಿಗೆ ನಡೆದೇ ಬರಬಹುದು. ದಾರಿಯಲ್ಲಿ ಎರಡು ಸಲ ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆಯಬಹುದು.

ನಾನು ಬೋರ್ಡು ಬರೆಯುವವನು. ಬರೆಯುತ್ತಿದ್ದವನು ಎಂದರೆ ಸರಿಯಾದೀತು. ಬಲಗೈ ಬ್ಯಾಂಡೇಜಿನಲ್ಲಿರುವುದರಿಂದ ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ಬರೆದುಕೊಳ್ಳುತ್ತಿದ್ದಾಳೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಡಾಕ್ಟರುಗಳ ಅಕ್ಷರ ಓದಿ ಓದಿ ತಾಳ್ಮೆ ಬೆಳೆಸಿಕೊಂಡವಳು. ಆದರೂ ಮೊದಲ ಸಾಲಿಗೇ ಪೆನ್ನು ಕೆಳಗಿಟ್ಟಳು. "ಅಲ್ರೀ, ಮೈದುನನ ಬಗ್ಗೆ ಹೀಗೆಲ್ಲ ಬರೆದ್ರೆ ಮೊದಲು ಅವನನ್ನೇ ಹಿಡ್ಕೊಂಡು ಹೋಗ್ತಾರೆ," ಎಂದಳು. "ಹೋಗ್ಲಿ. ಬುಧವಾರ ಹಿಡ್ಕೊಂಡು ಹೋದ್ರೆ ಶನಿವಾರ ಬಿಡ್ತಾರೆ. ಗುರುವಾರ ಸಾಯಂಕಾಲ ಹಿಡ್ಕೊಂಡು ಹೋದ್ರೆ ಯಾವಾಗ ಬಿಡ್ತಾರೆ, ಹೇಳು," ಎಂದೆ. ಅವಳು ಮತ್ತೆ ಪೆನ್ನು ಎತ್ತಿಕೊಂಡಳು.

ನಮ್ಮ ಬೀದಿ ಉದ್ದವೇನಲ್ಲ. ಈ ತುದಿಯಲ್ಲಿ ನನ್ನ ಅಂಗಡಿ, ಅದಕ್ಕೆ ಅಂಟಿಕೊಂಡು ತಮ್ಮನ ವೆಲ್ಡಿಂಗ್ ಶೆಡ್ಡು, ಆಮೇಲೆ ಹನ್ನೊಂದು ಮನೆ, ಆ ತುದಿಯಲ್ಲಿ ಗುಂಡಿ. ಗುಂಡಿಗೆ ಘನತೆವೆತ್ತ ಇತಿಹಾಸವಿದೆ. ಒಂಬತ್ತು ವರ್ಷದ ಹಿಂದೆ ನಮಗೊಂದು ಸಮುದಾಯ ಭವನ ಕಟ್ಟಿಕೊಡುತ್ತೇವೆಂದು ನಿಮ್ಮ ನಗರಾಡಳಿತವೇ ಅದನ್ನು ತೋಡಿಸಿತು. ಭವನ ಬರಲಿಲ್ಲ, ಲಾರಿ ಬಂತು. ಹದಿನಾಲ್ಕು ತಿಂಗಳಿಂದ ಪ್ರತಿ ಗುರುವಾರ ಮಧ್ಯಾಹ್ನ, ಹಾಡಹಗಲೇ, ನಂಬರ್ ಪ್ಲೇಟಿಗೆ ಗ್ರೀಸ್ ಬಳಿದುಕೊಂಡು ಬಂದು, ಹನ್ನೆರಡೋ ಹದಿನೈದೋ ನೀಲಿ ಡ್ರಮ್ಮುಗಳನ್ನು ಗುಂಡಿಗೆ ಬಗ್ಗಿಸಿ, ಖಾಲಿ ಡ್ರಮ್ಮು ಹೇರಿಕೊಂಡು ಹೋಗುತ್ತದೆ. ಒಳಗಿನದು ಕರಿ ಬೆಲ್ಲದ ಪಾಕದಷ್ಟು ಮಂದ, ನೀರು ತಾಗಿದರೆ ಹೊಗೆಯಾಡುತ್ತದೆ. ಮೂವತ್ತೊಂದು ವರ್ಷ ಥಿನ್ನರ್ ಕುಡಿದ ಮೂಗು ನನ್ನದು, ಅದಕ್ಕೂ ಆ ವಾಸನೆ ತಡೆಯಲಾಗಲಿಲ್ಲ. ಗುರುವಾರವೇ ಏಕೆ, ಎರಡು ಗಂಟೆಯೇ ಏಕೆ ಎಂದು ನಾವು ಮೊದಮೊದಲು ತಲೆ ಕೆರೆದುಕೊಂಡೆವು. ಉತ್ತರ ನಿಮ್ಮ ಕಚೇರಿಯ ಗೋಡೆಯ ಮೇಲೇ ತೂಗುಹಾಕಿದೆ: ವಾರದ ಸ್ವಚ್ಛತಾ ಪರಿಶೀಲನಾ ಸಭೆ, ಗುರುವಾರ ಎರಡರಿಂದ ನಾಲ್ಕು, ಎಲ್ಲ ಪರಿವೀಕ್ಷಕರ ಹಾಜರಿ ಕಡ್ಡಾಯ. ನಗರವನ್ನು ಹೇಗೆ ಸ್ವಚ್ಛವಾಗಿಡಬೇಕೆಂದು ನೀವು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿಕೊಂಡು ಚರ್ಚಿಸುವ ಆ ಎರಡು ಗಂಟೆಯೇ ನಗರದಲ್ಲಿ ಕಸ ಸುರಿಯಲು ಪ್ರಶಸ್ತ ಸಮಯ. ಎರಡು ತಿಂಗಳ ಹಿಂದೆ ಒಂದು ವಾರ ನಿಮಗೆ ಬೇರೆ ಕೆಲಸವಿದ್ದು ಸಭೆಯನ್ನು ಮಂಗಳವಾರವೇ ಮುಗಿಸಿದಿರಿ. ಆ ವಾರ ಲಾರಿಯೂ ಮಂಗಳವಾರವೇ ಬಂತು. ನಿಮ್ಮ ಸುತ್ತೋಲೆಗಳನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಇನ್ನೊಬ್ಬ ನೌಕರ ನಿಮಗೆ ಇದ್ದಾನೆಯೇ?

ನನ್ನ ತಮ್ಮನಿಗೆ ಆರು ವರ್ಷದ ಮಗಳಿದ್ದಾಳೆ. ಮೂಗಿನ ತುದಿಯಲ್ಲೇ ಕೋಪ, ಅದಕ್ಕೇ ಮನೆಯಲ್ಲೆಲ್ಲ ಅವಳನ್ನು ಮೆಣಸು ಎನ್ನುತ್ತೇವೆ. ಆರು ತಿಂಗಳ ಹಿಂದೆ ಚೆಂಡು ಗುಂಡಿಯ ಕಡೆ ಉರುಳಿತೆಂದು ಬರಿಗಾಲಲ್ಲಿ ಓಡಿದಳು. ಗುಂಡಿ ಹಿಂದಿನ ರಾತ್ರಿಯ ಮಳೆಗೆ ತುಂಬಿ, ಕರಿ ಪಾಕ ಬೀದಿಯ ಅಂಚಿಗೆ ಉಕ್ಕಿತ್ತು. ಅವಳು ಕಿರುಚಿದ್ದು ತಮ್ಮನ ಗ್ರೈಂಡರ್ ಸದ್ದಿನಲ್ಲೂ ಕೇಳಿಸಿತು. ಎತ್ತಿಕೊಂಡು ಬಂದು ನಲ್ಲಿಗೆ ಹಿಡಿದರೆ ನೀರಿನ ಜತೆ ಅಂಗಾಲಿನ ಚರ್ಮವೂ ಕಾಲುಚೀಲ ಕಳಚಿದ ಹಾಗೆ ಬಂತು. ಅದನ್ನು ನಾನು ನೋಡಿದ್ದೇನೆ, ನೀವೂ ಓದಿ. ಎರಡು ತಿಂಗಳು ಮಗು ಮಂಡಿಯೂರಿ ತೆವಳಿತು. ಡ್ರೆಸ್ಸಿಂಗ್ ಬಿಚ್ಚುವಾಗೆಲ್ಲ ಅವಳು ಅಪ್ಪನ ಕೈ ಕಚ್ಚುತ್ತಿದ್ದಳು, ಅವನು ಕಚ್ಚಿಸಿಕೊಳ್ಳುತ್ತಿದ್ದ. ಅವನ ಎಡ ಮುಂಗೈಯಲ್ಲಿ ಹಾಲುಹಲ್ಲಿನ ಗುರುತುಗಳಿವೆ.

ಆಗ ಮೊದಲ ದೂರು ಕೊಟ್ಟೆವು. ನಿಮ್ಮ ಪರಿವೀಕ್ಷಕರು ಬಂದರು, ಅದು ಸೋಮವಾರ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಗುಂಡಿ ನೋಡಿ, "ಇಲ್ಲಿ ಬೋರ್ಡೇ ಇಲ್ವಲ್ಲ," ಎಂದರು. ಯಾವ ಬೋರ್ಡು ಎಂದು ಕೇಳಿದೆ. "ಸುರಿಯಬಾರದು ಅಂತ ಬೋರ್ಡು ಇರಬೇಕು. ಇಲ್ಲದಿದ್ರೆ ಸುರಿದವನು ಗೊತ್ತಿರಲಿಲ್ಲ ಅಂತಾನೆ, ಕೇಸು ನಿಲ್ಲಲ್ಲ." ಹಾಗಾದರೆ ಬೋರ್ಡು ಹಾಕಿ ಎಂದೆ. ಬೇಡಿಕೆ ಪಟ್ಟಿ ಕಳಿಸಿದೆ, ಮುಂದಿನ ವರ್ಷ ಬರಬಹುದು ಎಂದರು. ಮಾನ್ಯರೇ, ಆಗ ನಾನು ನಕ್ಕುಬಿಟ್ಟೆ. ಹದಿನಾಲ್ಕು ತಿಂಗಳಲ್ಲಿ ಮನಸಾರೆ ನಕ್ಕದ್ದು ಅದೊಂದೇ ಸಲ. ಈ ನಗರದ ಅರ್ಧದಷ್ಟು ಬೋರ್ಡು ಬರೆದವನ ಮುಂದೆ ನಿಂತು ಬೋರ್ಡಿಲ್ಲ ಎಂದರೆ ಹೇಗೆ? ವಾಕ್ಯ ಕಳಿಸಿ, ಮಿಕ್ಕದ್ದು ನನಗೆ ಬಿಡಿ ಎಂದೆ.

ನೀವು ಕಳಿಸಿದ ವಾಕ್ಯಗಳನ್ನು ನಾನು ಒಂದಕ್ಷರವೂ ಬದಲಿಸಲಿಲ್ಲ. ಆರಡಿ ಅಗಲ, ನಾಲ್ಕಡಿ ಎತ್ತರದ ತಗಡು, ಎರಡು ಕೋಟು ಹಳದಿ, ಮೇಲೆ ಕಪ್ಪು ಅಕ್ಷರ. ಇಲ್ಲಿ ತ್ಯಾಜ್ಯ ಸುರಿಯುವುದು ಶಿಕ್ಷಾರ್ಹ ಅಪರಾಧ. ಕಂಡುಬಂದಲ್ಲಿ ಕೂಡಲೇ ಮಾಹಿತಿ ನೀಡಿ ಸಹಕರಿಸಿ. ಮಾಹಿತಿ ನೀಡಿದವರ ಹೆಸರನ್ನು ಗೌಪ್ಯವಾಗಿ ಇಡಲಾಗುವುದು. ಮೂರು ದಿನ ಹಿಡಿಯಿತು. ಇಷ್ಟು ಮನಸ್ಸಿಟ್ಟು ನಾನು ಆಭರಣದಂಗಡಿಗಳ ಬೋರ್ಡನ್ನೂ ಬರೆದಿರಲಿಲ್ಲ. ತಮ್ಮ ಕಬ್ಬಿಣದ ಕಾಲು ಬೆಸೆದು, ನೆಲದಲ್ಲಿ ಮೂರಡಿ ಹೂತು ನಿಲ್ಲಿಸಿದ. ನಮ್ಮ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಬೋರ್ಡು ಮುಗಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ, ಸಣ್ಣ ಕುಂಚದಿಂದ, ಬರೆದವನ ಹೆಸರು ಮತ್ತು ಫೋನ್ ನಂಬರು ಹಾಕಬೇಕು. ಅದು ಕೈಗೆ ಹತ್ತಿದ ಅಭ್ಯಾಸ, ತಲೆಯನ್ನು ಕೇಳಿ ಮಾಡುವುದಲ್ಲ. ಮೂವತ್ತೊಂದು ವರ್ಷದಲ್ಲಿ ಸ್ಮಶಾನದ ಬೋರ್ಡಿಗೂ ಹಾಕಿದ್ದೇನೆ. ಇದಕ್ಕೂ ಹಾಕಿದೆ. ಹೆಸರನ್ನು ಗೌಪ್ಯವಾಗಿ ಇಡಲಾಗುವುದು ಎಂಬ ಸಾಲಿನ ಕೆಳಗೆ, ಎರಡು ಬೆರಳಿನ ಅಂತರದಲ್ಲಿ, ನನ್ನ ಹೆಸರು ಮತ್ತು ಹತ್ತು ಅಂಕಿ.

ಇದು ನನ್ನ ತಪ್ಪು. ಒಪ್ಪುತ್ತೇನೆ, ಬೇಕಾದರೆ ಮುಚ್ಚಳಿಕೆ ಬರೆದುಕೊಡುತ್ತೇನೆ. ಆದರೆ ಆ ಬೋರ್ಡನ್ನು ನಾನೊಬ್ಬನೇ ನೋಡಲಿಲ್ಲವಲ್ಲ. ನಿಮ್ಮ ಪರಿವೀಕ್ಷಕರು ಬಂದು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಆ ನಂಬರನ್ನು ತಮ್ಮ ಫೋನಿಗೆ ಇಳಿಸಿಕೊಂಡರು, ಮಾರನೆಯ ದಿನ ಕರೆ ಮಾಡಿ ತಮ್ಮ ಮನೆಗೊಂದು ನಾಮಫಲಕ ಬೇಕು ಎಂದರು. ಬರೆದುಕೊಟ್ಟೆ. ಆ ಫೋಟೋ ನಿಮ್ಮ ಇಲಾಖೆಯ ಪ್ರಕಟಣೆಯಲ್ಲಿ "ನಾಗರಿಕ ಸಹಭಾಗಿತ್ವದ ಮಾದರಿ" ಎಂಬ ತಲೆಬರಹದಡಿ ಅಚ್ಚಾಯಿತು, ಮೂಲೆಯ ಹತ್ತು ಅಂಕಿಯೂ ಸ್ಪಷ್ಟವಾಗಿ ಕಾಣುವ ಹಾಗೆ. ಅದನ್ನೇ ಆಧಾರ ಮಾಡಿಕೊಂಡು ನನ್ನ ದೂರನ್ನು ಇತ್ಯರ್ಥಗೊಂಡಿದೆ ಎಂದು ಮುಚ್ಚಿದಿರಿ. ಗುಂಡಿಯನ್ನು ಮುಚ್ಚಲಾಗದಿದ್ದರೂ ಕಡತವನ್ನಾದರೂ ಮುಚ್ಚಿದಿರಿ, ಅದಕ್ಕೆ ಅಭಿನಂದನೆ. ಆ ಗುರುವಾರವೂ ಲಾರಿ ಬಂತು, ಬೋರ್ಡಿನ ಬುಡಕ್ಕೇ ಡ್ರಮ್ಮು ಬಗ್ಗಿಸಿ ಹೋಯಿತು.

ಮತ್ತೆ ಮೂರು ದೂರು ಕೊಟ್ಟೆ. ಮೂರನೆಯದರ ಮಾರನೆಯ ಬೆಳಗ್ಗೆ ಒಂದು ಕರೆ ಬಂತು. "ಬೋರ್ಡು ಬರೆಸಬೇಕಿತ್ತು. ಅಂಗಡಿ ಎಲ್ಲಿ ಬರುತ್ತೆ?" ನಾನೇ ದಾರಿ ಹೇಳಿದೆ, ಮಾನ್ಯರೇ. ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿ, ಹಳೇ ಗಡಿಯಾರದ ಅಂಗಡಿ ದಾಟಿ, ವೆಲ್ಡಿಂಗ್ ಶೆಡ್ಡಿನ ಪಕ್ಕ. ಬಿಸಿಲಲ್ಲಿ ಬರುತ್ತಾರಲ್ಲ ಎಂದು ಚಹಾಕ್ಕೂ ಹೇಳಿಟ್ಟಿದ್ದೆ. ಹನ್ನೊಂದೂವರೆಗೆ ಮೂವರು ಬಂದರು. ತಮ್ಮ ಬೇರೆ ಬೀದಿಗೆ ಗೇಟು ಕೂರಿಸಲು ಹೋಗಿದ್ದ. ಒಬ್ಬ ಎತ್ತರದವನು "ಯಾವ ಕೈಲಿ ಬರೀತೀಯ?" ಎಂದು ಕೇಳಿದ. ಕಸುಬಿನ ವಿಚಾರವೆಂದುಕೊಂಡು ಬಲಗೈ ತೋರಿಸಿದೆ. ಅವರು ನನ್ನನ್ನು ಅಂಗಡಿಯ ಹೊರಗೆ ಎಳೆದು, ಮಂಡಿಯೂರಿಸಿ, ಆ ಕೈಯನ್ನು ಹೊಸ್ತಿಲ ಕಬ್ಬಿಣದ ಪಟ್ಟಿಯ ಮೇಲೆ ಇರಿಸಿದರು. ಇನ್ನೊಬ್ಬ ಮುಂಗೈಯನ್ನು ಬೂಟುಗಾಲಲ್ಲಿ ಒತ್ತಿದ. ಮೂರನೆಯವನು ಶಟರ್ ಎಳೆದ. ಮೂರನೆಯವನ ಗುರುತು ನನಗಿತ್ತು, ಗುರುವಾರದ ಲಾರಿಯ ಚಾಲಕ. ಬೆರಳು ನಡುವೆ ಇದ್ದದ್ದರಿಂದ ಬೀಗದ ಕೊಂಡಿ ಕೂಡಲಿಲ್ಲ. ಎತ್ತರದವನು ಶಟರಿನ ಅಂಚಿನ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸಿದ. ಎರಡನೆಯ ಸಲಕ್ಕೆ ಕೂಡಿತು. ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹೊರಗಿದ್ದ ಹಸಿರು ಬಣ್ಣದ ಡಬ್ಬಿಯನ್ನು ನನ್ನ ತಲೆಗೆ ಸುರಿದು, ನಡೆದುಕೊಂಡೇ ಹೋದರು. ಓಡುವ ಅಗತ್ಯವೇನಿತ್ತು?

ಇಪ್ಪತ್ತು ನಿಮಿಷ ನಾನು ನನ್ನದೇ ಅಂಗಡಿಗೆ ಸಿಕ್ಕಿಹಾಕಿಕೊಂಡು ಬೀದಿಯಲ್ಲಿ ಮಂಡಿಯೂರಿದ್ದೆ. ಕಣ್ಣು ಬಿಟ್ಟರೆ ಹಸಿರು, ಮುಚ್ಚಿದರೆ ಕೆಂಪು. ಅಕ್ಕಪಕ್ಕದವರು ಹಾರೆ ತಂದು ಮೀಟಿದರೆ ನನ್ನ ಮೂಳೆಯೇ ಮೊದಲು ಅಲುಗುತ್ತಿತ್ತು, ಬೇಡವೆಂದು ಕೂಗಿದೆ. ತಮ್ಮ ಓಡಿಬಂದು ಗ್ರೈಂಡರ್ ಹಿಡಿದು ಕೂತ. ಬೀಗಕ್ಕೂ ನನ್ನ ಹೆಬ್ಬೆರಳಿಗೂ ನಾಲ್ಕು ಅಂಗುಲ. ಕಿಡಿ ನನ್ನ ಕೈಮೇಲೆ ಬೀಳಬಾರದೆಂದು ತನ್ನ ಎಡಗೈ ಅಡ್ಡ ಹಿಡಿದು ಕೊಯ್ದ. ಇಡೀ ಹೊತ್ತು ಅವನು ಅಳುತ್ತಲೇ ಇದ್ದ, ಆದರೆ ಗ್ರೈಂಡರ್ ಎಳ್ಳಷ್ಟೂ ನಡುಗಲಿಲ್ಲ. ಶಟರ್ ಮೇಲೆದ್ದಾಗ ನನ್ನ ಬೆರಳುಗಳು ಹೊಸ್ತಿಲಿಗೆ ಅಂಟಿಕೊಂಡೇ ಇದ್ದವು. ಏಳು ಮೂಳೆ ಮುರಿದಿವೆ, ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಕುಂಚ ಹಿಡಿಯಲು ಬೇಕಾದ ಎರಡು ಯಾವುವೋ ಅವೇ.

ಆಸ್ಪತ್ರೆಯ ಮಂಚದಲ್ಲಿದ್ದಾಗ ನಿಮ್ಮ ಇಲಾಖೆಯಿಂದ ಒಂದು ಲಕೋಟೆ ಬಂತು. ಕ್ಷಮೆ ಕೇಳಿರಬೇಕೆಂದು ಹೆಂಡತಿ ಅವಸರದಲ್ಲಿ ಒಡೆದಳು. ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ಫಲಕದ ಮೇಲೆ ಖಾಸಗಿ ಹೆಸರು ಹಾಗೂ ದೂರವಾಣಿ ಸಂಖ್ಯೆ ನಮೂದಿಸಿ ಅನಧಿಕೃತ ಜಾಹೀರಾತು ಪ್ರದರ್ಶಿಸಿದ್ದೀರಿ, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಮಾನ್ಯರೇ, ಈ ನೋಟೀಸನ್ನು ಬರೆದವರು ನಮ್ಮ ಬೀದಿಯ ಬಗ್ಗೆ ನಿಮ್ಮ ಇಲಾಖೆಯಲ್ಲಿ ಕೆಲಸ ಮಾಡಿದ ಮೊದಲ ವ್ಯಕ್ತಿ, ಅವರಿಗೆ ಬಡ್ತಿ ಕೊಡಿ. ಕೈಯನ್ನು ಕೊರಳಿಗೆ ಪಟ್ಟಿ ಕಟ್ಟಿ ತೂಗುಹಾಕಿಕೊಂಡು ನಿಮ್ಮ ಕೋಣೆಗೆ ಬಂದೆ, ಐದನೆಯ ದೂರನ್ನು ನಿಮ್ಮ ಕೈಗೇ ಕೊಟ್ಟೆ. ತಣ್ಣಗಿನ ಕೋಣೆ, ಮೇಜಿನ ಗಾಜಿನಡಿ ಕುಟುಂಬದ ಫೋಟೋ. ನೀವು ನನ್ನ ಬ್ಯಾಂಡೇಜು ನೋಡಿ, "ಇದು ಪೊಲೀಸರ ವಿಷಯ ಆಗುತ್ತೆ ನೋಡಿ," ಎಂದಿರಿ. ಪೊಲೀಸರು ಆಗಲೇ ಹೇಳಿದ್ದರು, ಮೂಲದಲ್ಲಿ ಇದು ಕಸದ ವಿಷಯ ಎಂದು. ನಾನು ಕಸವೋ ಕೇಸೋ ಎಂದು ನೀವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದು ತಿಳಿಸಿದರೆ ಉಪಕಾರವಾದೀತು.

ನಿನ್ನೆ, ಗುರುವಾರ, ತಮ್ಮ ಒಬ್ಬನೇ ಹೋಗಿ ಲಾರಿಗೆ ಅಡ್ಡ ನಿಂತ. ಚಾಲಕ ಹಾರ್ನ್ ಹೊಡೆದ, ಬ್ರೇಕ್ ಹೊಡೆಯಲಿಲ್ಲ. ತಮ್ಮ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಿಗಿದು ಕೈಲಿದ್ದ ಸುತ್ತಿಗೆ ಬೀಸಿದ. ಅದು ಗಾಜು ಒಡೆದು ಚಾಲಕನ ಹಣೆಗೆ ತಾಗಿತು. ಲಾರಿಯಿಂದ ಇಳಿದ ಇನ್ನೊಬ್ಬ ಸರಪಳಿಯಿಂದ ತಮ್ಮನ ಬೆನ್ನಿಗೆ ಬಾರಿಸಿದ. ರಕ್ತ ಸೋರುವ ಹಣೆ ಒತ್ತಿಕೊಂಡೇ ಚಾಲಕ ಎಲ್ಲ ಡ್ರಮ್ಮೂ ಬಗ್ಗಿಸಿದ, ಹೊರಡುವಾಗ "ಮುಂದಿನ ವಾರ ನಾವಿಬ್ಬರೇ ಬರಲ್ಲ," ಎಂದು ಹೇಳಿ ಹೋದ. ಸತ್ಯ ಹೇಳಬೇಕೆಂದರೆ, ಆ ರಕ್ತ ಕಂಡು ನನಗೆ ಖುಷಿಯಾಯಿತು. ಇನ್ನೊಂದು ಏಟು ಬೀಳಲಿ ಎಂದು ಬಾಯಿಬಿಟ್ಟು ಕೂಗಿದೆ. ಇದನ್ನು ಬರೆಯುವುದು ಬೇಡ ಎನ್ನುತ್ತಿದ್ದಾಳೆ ಹೆಂಡತಿ. ಬರೆ ಎಂದಿದ್ದೇನೆ. ಮೂವತ್ತೊಂದು ವರ್ಷ ಯಾರಿಗೂ ಒಂದು ಒರಟು ಮಾತಾಡದವನನ್ನು ನಿಮ್ಮ ಇಲಾಖೆ ಏನು ಮಾಡಿದೆ ಎಂದು ನಿಮಗೆ ಗೊತ್ತಾಗಬೇಕು.

ಸಂಜೆಯೊಳಗೆ ತಮ್ಮ ಶೆಡ್ಡಿನಲ್ಲಿ ಹನ್ನೆರಡು ಕಬ್ಬಿಣದ ರಾಡು ಕೊಯ್ದಿಟ್ಟ, ಎರಡೆರಡು ಅಡಿಯವು. ಹಿಡಿಯುವ ತುದಿಯನ್ನು ಕೈಗೆ ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡಿದ್ದಾನೆ, ಅವನ ಕೆಲಸದಲ್ಲಿ ಯಾವತ್ತೂ ಕೊಂಕಿಲ್ಲ. ಹನ್ನೊಂದು ಮನೆಗೆ ಹನ್ನೊಂದು. ಹನ್ನೆರಡನೆಯದು ಸಪೂರದ್ದು, ನನ್ನ ಎಡಗೈಗೆ ಹಿಡಿಸುವಂಥದ್ದು. ಯಾರೂ ಬೇಡ ಎನ್ನಲಿಲ್ಲ. ನಿವೃತ್ತ ಮೇಷ್ಟ್ರು, ಅಂಚೆ ಹಂಚುವವರು, ಬಟ್ಟೆ ಹೊಲಿಯುವ ವಿಧವೆ, ಎಲ್ಲರೂ ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನದು ತೆಗೆದುಕೊಂಡು ಹೋದರು. ನಾನೂ ತೆಗೆದುಕೊಂಡೆ, ಮಂಚದ ಪಕ್ಕದಲ್ಲೇ ಇರಿಸಿಕೊಂಡೆ.

ಇವತ್ತು ಬೆಳಗ್ಗೆ ಕೈಗೆ ಡ್ರೆಸ್ಸಿಂಗ್ ಮಾಡಿಸಲು ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಕೂತಿದ್ದ. ಚಾಲಕ. ನಡುವೆ ಒಂದೇ ಖಾಲಿ ಜಾಗ. ನನ್ನಲ್ಲಿ ರಾಡಿರಲಿಲ್ಲ, ಇದ್ದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಅವನೇ ಮೊದಲು ಬಾಯಿಬಿಟ್ಟ.

"ನಿಂತು ಕುಣಿದವನು ನಾನಲ್ಲ. ನಾನು ಎಳೆದೆ ಅಷ್ಟೇ. ನಿಧಾನಕ್ಕೇ ಎಳೆದೆ."

"ಅದಕ್ಕೆ ನಿನಗೆ ಸನ್ಮಾನ ಮಾಡಬೇಕಾ?"

ಅಷ್ಟರಲ್ಲಿ ನರ್ಸು ಬಂದು ಅವನ ಕೈಯ ಬಟ್ಟೆ ಬಿಚ್ಚಿದಳು. ಹಣೆಗಲ್ಲ, ಅವನು ಬಂದದ್ದು ಕೈಗಳಿಗೆ. ಎರಡೂ ಅಂಗೈಯಲ್ಲಿ ಮೇಲಿನ ಚರ್ಮವೇ ಇರಲಿಲ್ಲ. ಮೆಣಸಿನ ಅಂಗಾಲಿನಲ್ಲಿ ನಾನು ಎರಡು ತಿಂಗಳು ನೋಡಿದ ಅದೇ ಬಿಳಿ ಸಿಪ್ಪೆ, ಅದೇ ಕೆಂಪು ಅಂಚು. ನರ್ಸು ಔಷಧಿ ಸವರಿದಾಗ ಅವನು ತನ್ನ ಅಂಗಿಯ ಕಾಲರು ಕಚ್ಚಿಕೊಂಡ.

"ಗ್ಲೌಸ್ ಕೊಡಲ್ವಾ?" ಎಂದು ಕೇಳಿದೆ. ಏಕೆ ಕೇಳಿದೆನೋ ಗೊತ್ತಿಲ್ಲ.

"ಕೊಟ್ಟಿದ್ರು. ಎರಡೇ ದಿನಕ್ಕೆ ಕರಗಿಹೋಯ್ತು."

"ಮುಂದಿನ ಗುರುವಾರ ಬರಬೇಡ. ನನ್ನ ತಮ್ಮ ನಿನ್ನ ಬಿಡಲ್ಲ."

"ಗೊತ್ತು. ನಾನು ಬರದಿದ್ರೆ ಇನ್ನೊಬ್ಬನ್ನ ಕಳಿಸ್ತಾರೆ. ಆಮೇಲೆ ನಾನು ಯಾಕೆ ಬರಲಿಲ್ಲ ಅಂತ ಕೇಳೋಕೆ ನನ್ನ ಮನೆಗೂ ಜನ ಬರ್ತಾರೆ. ನಿಮ್ಮ ಅಂಗಡಿಗೆ ಬಂದ್ರಲ್ಲ, ಅವರೇ." ಆಮೇಲೆ ಧ್ವನಿ ತಗ್ಗಿಸಿ ಹೇಳಿದ: "ಜಾಗ, ಟೈಮು ನಾವು ಹುಡುಕೋದಲ್ಲ ಅಣ್ಣ. ಬುಧವಾರ ಸಾಯಂಕಾಲ ಫೋನ್ ಬರುತ್ತೆ, ನಾಳೆ ಮೀಟಿಂಗ್ ಇದೆ, ಹೋಗಿ ಅಂತ."

ನಾಳೆ ಮೀಟಿಂಗ್ ಇದೆ ಎಂದು ಅವರಿಗೆ ಯಾರು ಹೇಳುತ್ತಾರೆ, ಮಾನ್ಯರೇ? ನಮ್ಮ ಬೀದಿಯವರಂತೂ ಅಲ್ಲ. ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ, ರಾತ್ರಿ ಮಗ್ಗುಲು ಬದಲಿಸಿದಾಗೆಲ್ಲ ಅವನು ಶಟರ್ ಎಳೆದದ್ದು ಕೈಯೇ ನೆನಪಿಸುತ್ತದೆ. ಆದರೆ ಕರಗಿದ ಅಂಗೈಯವನೊಬ್ಬನನ್ನು ನನ್ನ ತಮ್ಮ ಕೊಂದು ಜೈಲಿಗೆ ಹೋದರೆ, ಮೆಣಸು ಅಪ್ಪನಿಲ್ಲದೆ ಬೆಳೆದರೆ, ಫೋನ್ ಮಾಡುವವನು ಬುಧವಾರ ಸಾಯಂಕಾಲ ಮತ್ತೆ ಫೋನ್ ಎತ್ತಿಕೊಳ್ಳುತ್ತಾನೆ. ಅವನ ಉಗುರಿಗೂ ಕಪ್ಪು ಹತ್ತಿರುವುದಿಲ್ಲ.

ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಹೋಗಿ ತಮ್ಮನಿಗೆ ಈ ಪತ್ರದ ವಿಷಯ ಹೇಳಿದೆ. ನನ್ನ ಮೇಲೆ ಕೈ ಎತ್ತಿದ, ಹೊಡೆಯಲಿಲ್ಲ. "ಬರಿ. ಅವರು ಬಂದ್ರೆ ರಾಡೆಲ್ಲ ನಾನೇ ಅವರ ಜೀಪಿಗೆ ತುಂಬಿಸ್ತೀನಿ. ಬರದಿದ್ರೆ ನೀನು ಅಡ್ಡ ಬರಬೇಡ, ಅಣ್ಣ ಅಂತ ನೋಡಲ್ಲ," ಎಂದ. ಆ ಮಾತನ್ನು ಅವನು ತಮಾಷೆಗೆ ಹೇಳಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಗುರುವಾರದ ಪರಿಶೀಲನಾ ಸಭೆಯನ್ನು ರದ್ದು ಮಾಡಬೇಡಿ, ಅದನ್ನು ನಮ್ಮ ಗುಂಡಿಯ ದಂಡೆಯಲ್ಲಿ ನಡೆಸಿ. ಎಲ್ಲ ಪರಿವೀಕ್ಷಕರನ್ನೂ ಕರೆತನ್ನಿ, ಹಾಜರಿ ಕಡ್ಡಾಯ ಮಾಡಿ, ಪೊಲೀಸರನ್ನೂ ಕರೆಯಿರಿ. ಕುರ್ಚಿ ನಾವು ಹಾಕುತ್ತೇವೆ. ಇದು ಬಹಿರಂಗ ಪತ್ರ, ಲಾರಿಯವರೂ ಓದುತ್ತಾರೆ, ಬರದೇ ಇರಬಹುದು ಎನ್ನುತ್ತೀರಿ. ಬರದಿದ್ದರೆ ಆ ಎರಡು ಗಂಟೆ ಗುಂಡಿಯನ್ನು ನೋಡುತ್ತ ಕೂತು, ಈ ಡ್ರಮ್ಮುಗಳು ಯಾವ ಕಾರ್ಖಾನೆಯವು, ನಿಮ್ಮ ಕೋಣೆಯ ಒಳಗಿನಿಂದ ಬುಧವಾರ ಮಾತಾಡುವವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಇಲ್ಲದಿದ್ದರೆ ಅದೇ ಲಾರಿ ಇನ್ನೊಂದು ಬೀದಿಗೆ ಹೋಗುತ್ತದೆ, ಅಲ್ಲೂ ಬರಿಗಾಲಿನ ಮಕ್ಕಳಿರುತ್ತಾರೆ.

ನೀವು ಬರದಿದ್ದರೂ ಲಾರಿ ಬಂದರೆ, ಅದರ ಬಾಗಿಲಿಗೂ ನನ್ನ ತಮ್ಮನಿಗೂ ನಡುವೆ ನಾನು ನಿಂತಿರುತ್ತೇನೆ. ರಾಡನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಮೊದಲ ಏಟು ಯಾವ ಕಡೆಯಿಂದ ಬೀಳುತ್ತದೆಂದು ನನಗೆ ಗೊತ್ತಿಲ್ಲ. ತಮ್ಮನ ಕಡೆಯಿಂದ ಬಿದ್ದರೆ ಅದನ್ನು ದೂರಾಗಿ ದಾಖಲಿಸಿಕೊಳ್ಳಬೇಡಿ, ಅವನು ಒಳ್ಳೆಯವನು.

ಇಂತಿ,
ಒಡಹುಟ್ಟಿದವನ ಬಗ್ಗೆಯೇ ಮಾಹಿತಿ ನೀಡಿ ಸಹಕರಿಸಿದ
ಒಬ್ಬ ಅಣ್ಣ